ಒಂದು ಗಿಟಾರು, ಒಂದು ಗಂಟಲು, ಸುಮ್ಮನಿರುವ ತೊಂಬತ್ತು ಮಂದಿ

1988ರ ಜೂನ್ 11ರಂದು ಲಂಡನ್ನಿನ ವೆಂಬ್ಲಿ ಸ್ಟೇಡಿಯಂನಲ್ಲಿ ಸ್ಟೀವಿ ವಂಡರ್ ಹಾಡಬೇಕಿತ್ತು. ಇನ್ನೇನು ವೇದಿಕೆ ಹತ್ತಬೇಕು ಎನ್ನುವಾಗ ಗೊತ್ತಾಯಿತು, ಅವರ ಕೀಬೋರ್ಡಿನ ಹಾರ್ಡ್ ಡಿಸ್ಕ್ ನಾಪತ್ತೆ. ಅವತ್ತಿನ ಹಾಡುಗಳಿಗೆ ಬೇಕಾದ ಹಿನ್ನೆಲೆಯೆಲ್ಲ ಅದರಲ್ಲೇ ಇತ್ತು. ಅವರು ಕಣ್ಣೀರು ಹಾಕುತ್ತಾ ಹೊರನಡೆದರು. ಜೈಲಿನಲ್ಲಿದ್ದ ನೆಲ್ಸನ್ ಮಂಡೇಲಾ ಅವರ ಎಪ್ಪತ್ತನೇ ಹುಟ್ಟುಹಬ್ಬದ ಗೌರವಾರ್ಥ ನಡೆಯುತ್ತಿದ್ದ ಕಾರ್ಯಕ್ರಮ ಅದು. ಅರವತ್ತಕ್ಕೂ ಹೆಚ್ಚು ದೇಶಗಳಲ್ಲಿ ಟೀವಿ ಮುಂದೆ ಜನ ಕೂತಿದ್ದರು. ಖಾಲಿ ವೇದಿಕೆ ತೋರಿಸುವ ಹಾಗಿರಲಿಲ್ಲ. ಅದೇ ದಿನ ಮೊದಲೇ ತನ್ನ ಪಾಲಿನ ಹಾಡು ಮುಗಿಸಿದ್ದ ಟ್ರೇಸಿ ಚಾಪ್ಮನ್ ಎಂಬ ಇಪ್ಪತ್ತನಾಲ್ಕು ವರ್ಷದ ಗಾಯಕಿಯನ್ನು ಸಂಘಟಕರು ಮತ್ತೆ ಮುಂದಕ್ಕೆ ಕಳಿಸಿದರು. ಅವರ ಮೊದಲ ಆಲ್ಬಂ ಬಂದು ಆಗಿನ್ನೂ ಎರಡು ತಿಂಗಳು. ಹೆಗಲಿಗೆ ಒಂದು ಗಿಟಾರು, ಎದುರಿಗೆ ಮೈಕು, ಅಷ್ಟೇ. ‘ಫಾಸ್ಟ್ ಕಾರ್’ ಹಾಡಿದರು. ಆ ಬೇಸಿಗೆ ಮುಗಿಯುವುದರೊಳಗೆ ಆಲ್ಬಂ ಅಮೆರಿಕ, ಬ್ರಿಟನ್ ಎರಡೂ ಕಡೆ ಮೊದಲ ಸ್ಥಾನಕ್ಕೆ ಏರಿತ್ತು.

ಅವತ್ತು ಅಲ್ಲಿ ದೊಡ್ಡ ದೊಡ್ಡ ಬ್ಯಾಂಡುಗಳಿದ್ದವು. ಆದರೂ ಚಾಪ್ಮನ್ನರನ್ನೇ ಯಾಕೆ ಕಳಿಸಿದರು ಎಂದರೆ, ಡ್ರಮ್ ಜೋಡಿಸುವುದು ಬೇಡ, ಆಂಪ್ಲಿಫೈಯರ್ ಎಳೆದು ತರುವುದು ಬೇಡ, ಜೊತೆಗಾರರನ್ನು ಹುಡುಕಿ ಕರೆಯುವುದು ಬೇಡ. ಪದ ಬರೆದವರು, ರಾಗ ಹಾಕಿದವರು, ನುಡಿಸುವವರು, ಹಾಡುವವರು ಎಲ್ಲ ಒಂದೇ ಆಸಾಮಿ. ಸಿಂಗರ್-ಸಾಂಗ್‌ರೈಟರ್ ಎಂದು ಕರೆಯುವುದು ಇಂಥವರನ್ನೇ. ನಮ್ಮ ಬೆಂಗಳೂರಿನಲ್ಲಿ ಈಗ ವಾರಾಂತ್ಯಕ್ಕೆ ಎಲ್ಲಾದರೂ ಒಂದು ಕಡೆ ಇಂಥ ಅಕೂಸ್ಟಿಕ್ ಸಂಜೆ ಇದ್ದೇ ಇರುತ್ತದೆ. ಮಕ್ಕಳು ಹೋಗುತ್ತಾರೆ, ಅಪ್ಪ ಅಮ್ಮಂದಿರಿಗೆ ಅದೇನೆಂದು ಸರಿಯಾಗಿ ಗೊತ್ತಿರುವುದಿಲ್ಲ. ಮೊನ್ನೆ ನಾವು ನಾಲ್ವರು ಹಳೆಯ ಸ್ನೇಹಿತರು ಒಂದಕ್ಕೆ ಹೋಗಿ ಕೇಳಿಬಂದೆವು. ಅದರ ನೆಪದಲ್ಲಿ ಈ ಬರಹ.

ಅಕೂಸ್ಟಿಕ್ ಎಂದರೆ ಕರೆಂಟೇ ಬೇಡದ ಸಂಗೀತ ಎಂದು ಬಹಳ ಮಂದಿ ತಿಳಿದಿದ್ದಾರೆ. 1989ರಲ್ಲಿ ಎಂಟೀವಿಯವರು ಶುರುಮಾಡಿದ ‘ಅನ್‌ಪ್ಲಗ್ಡ್’ ಕಾರ್ಯಕ್ರಮದ ಹೆಸರೇ ಈ ನಂಬಿಕೆಯನ್ನು ಊರಿಗೆಲ್ಲ ಹಂಚಿತು. ನಿಜಕ್ಕೂ ಅಲ್ಲಿ ಮೈಕೂ ಇತ್ತು, ವೈರೂ ಇತ್ತು, ಮಿಕ್ಸರ್ ಮುಂದೆ ಕೂತ ಎಂಜಿನಿಯರೂ ಇದ್ದರು. ಇಲ್ಲದಿದ್ದದ್ದು ಎಲೆಕ್ಟ್ರಿಕ್ ಗಿಟಾರು. ಎಲೆಕ್ಟ್ರಿಕ್ ಗಿಟಾರಿನಲ್ಲಿ ನಾದ ಹುಟ್ಟುವುದು ತಂತಿಯ ಕೆಳಗಿನ ಅಯಸ್ಕಾಂತದ ಪಿಕಪ್ಪು ಮತ್ತು ಸ್ಪೀಕರಿನ ನಡುವೆ. ಅಕೂಸ್ಟಿಕ್‌ನಲ್ಲಿ ನಾದ ಹುಟ್ಟುವುದು ಮರದಲ್ಲಿ. ಆರು ಉಕ್ಕಿನ ತಂತಿಗಳು ಎಲ್ಲ ಸೇರಿ ಸುಮಾರು ಎಪ್ಪತ್ತು ಕೆಜಿ ಬಲದಲ್ಲಿ ಎಳೆದಿರುತ್ತವೆ. ಅಷ್ಟು ಎಳೆತವನ್ನು ಹೊರುವುದು ಎರಡು ಮೂರು ಮಿಲಿಮೀಟರ್ ದಪ್ಪದ ಒಂದು ಹಲಗೆ, ಸಾಮಾನ್ಯವಾಗಿ ಸ್ಪ್ರೂಸ್ ಮರದ್ದು. ಬೆರಳು ತಂತಿ ಮೀಟಿದರೆ ಹಲಗೆ ನಡುಗುತ್ತದೆ, ಹಲಗೆ ನಡುಗಿದರೆ ಒಳಗಿನ ಗಾಳಿ ಗುಂಯ್ ಎನ್ನುತ್ತದೆ. ಕಿವಿಗೆ ಬೀಳುವುದು ಬಹುಪಾಲು ಇವೆರಡೇ. ಬರಿಯ ತಂತಿಯ ಸದ್ದು ಮೂರನೇ ಸಾಲಿಗೂ ಮುಟ್ಟದು.

ಸಣ್ಣ ಕೋಣೆಯಲ್ಲಿ ಇಷ್ಟೇ ಸಾಕು. ಮೂವತ್ತು ಮಂದಿ ದಾಟಿದರೆ ಮೈಕಿನ ಸಹಾಯ ಬೇಕಾಗುತ್ತದೆ. ಆಗ ಮುಂದಿನ ಕಷ್ಟ ಶುರು. ಮಾಮೂಲಿ ದೊಡ್ಡ ಗಿಟಾರಿನ ಹೊಟ್ಟೆಯೊಳಗಿನ ಗಾಳಿ 100 ಹರ್ಟ್ಸ್ ಆಸುಪಾಸಿನಲ್ಲಿ ತಾನಾಗಿ ಅನುರಣಿಸುತ್ತದೆ. ದಪ್ಪ ತಂತಿಯ ಮೂರನೇ ಮನೆ ಒತ್ತಿದರೆ ಬರುವ ಸ್ವರ 98 ಹರ್ಟ್ಸ್. ಸ್ಪೀಕರಿನಿಂದ ಹೊರಟ ಆ ಸ್ವರ ತಿರುಗಿ ಬಂದು ಗಿಟಾರಿನ ಹೊಟ್ಟೆಯನ್ನೇ ಅಲುಗಿಸುತ್ತದೆ, ಗಿಟಾರು ಮತ್ತೆ ಸ್ಪೀಕರು ಹೂಂಕರಿಸುವಂತೆ ಮಾಡುತ್ತದೆ, ಒಂದು ಗಳಿಗೆಯಲ್ಲಿ ಇಡೀ ಕೋಣೆ ಊಳಿಡತೊಡಗುತ್ತದೆ. ಗಿಟಾರಿನ ನಡುವಿನ ತೂತಿಗೆ ಕರಿಯ ರಬ್ಬರ್ ಬಿಲ್ಲೆ ಮುಚ್ಚಿರುವುದನ್ನು ನೀವು ನೋಡಿರಬಹುದು. ಅದು ಅಲಂಕಾರಕ್ಕಲ್ಲ, ಈ ಊಳು ತಡೆಯುವುದಕ್ಕೆ.

ನಾವು ಹೋದ ಜಾಗ ಇಂದಿರಾನಗರದ ಕಡೆ, ಒಂದು ಕಟ್ಟಡದ ಮೇಲಿನ ಮಹಡಿ. ತಲೆಗೆ ಐನೂರು ರೂಪಾಯಿ. ಎಂಬತ್ತು ತೊಂಬತ್ತು ಕುರ್ಚಿ, ಹಿಂದೆ ಒಂದು ಬಾರ್ ಕೌಂಟರ್. ನಮ್ಮ ಗುಂಪಿನಲ್ಲಿ ಒಬ್ಬ ನಿವೃತ್ತಿಗೆ ಹತ್ತಿರವಾದ ಬ್ಯಾಂಕಿನವನು, ಮಾತಿಲ್ಲದೆ ಅರೆಗಳಿಗೆ ಇರಲಾರ. ಇನ್ನೊಬ್ಬಳು ಮೇಷ್ಟ್ರ ಮಗಳು, ಸುಗಮ ಸಂಗೀತದ ಹುಚ್ಚಿ, ಅನಂತಸ್ವಾಮಿ ಹಾಡು ಎಂದರೆ ಕಣ್ಣು ಮುಚ್ಚಿಕೊಳ್ಳುವವಳು. ಮತ್ತೊಬ್ಬ ಕಾಲೇಜಿನ ದಿನಗಳಲ್ಲಿ ಗಿಟಾರು ಕಲಿಯಲು ಹೋಗಿ ಬೆರಳ ತುದಿ ಊದಿಸಿಕೊಂಡು ಬಿಟ್ಟವನು. ನಾಲ್ಕನೆಯವನು ನಾನು.

ವೇದಿಕೆ ಎಂದರೆ ಅರ್ಧ ಅಡಿ ಎತ್ತರದ ಮಣೆ. ಹುಡುಗಿಗೆ ಇಪ್ಪತ್ತಾರು ಇಪ್ಪತ್ತೇಳು ಇರಬೇಕು, ಧಾರವಾಡದ ಕಡೆಯವಳು, ಮಾತಿನಲ್ಲೇ ತಿಳಿಯುತ್ತಿತ್ತು. ಬಂದವಳೇ ಸ್ಟೂಲಿನ ಮೇಲೆ ಕೂತು, ಗಿಟಾರಿನ ತಲೆಗೆ ಕಚ್ಚಿಸಿದ ಪುಟ್ಟ ಟ್ಯೂನರ್ ನೋಡುತ್ತಾ ಬಿರಡೆ ತಿರುಗಿಸತೊಡಗಿದಳು. ಕೆಂಪು ದೀಪ ಹಸಿರಾಗುವ ತನಕ. “ಹೊಸಾ ತಂತಿ ಹಾಕೀನ್ರಿ, ಎಳಕೋತ ಇರತಾವ, ಸ್ವಲ್ಪ ಸಂಭಾಳಿಸ್ಕೋರಿ” ಅಂದಳು. ಬ್ಯಾಂಕಿನವನು ನನ್ನ ಕಿವಿಯಲ್ಲಿ, “ಮನೇಲೇ ಮಾಡ್ಕೊಂಡು ಬರಬಾರದಾ ಇದನ್ನ?” ಅಂದ.

ಮಾಡಿಕೊಂಡೇ ಬಂದಿರುತ್ತಾರೆ. ಆದರೆ ಹೊಸ ತಂತಿ ಒಂದೆರಡು ದಿನ ಹಿಗ್ಗುತ್ತಲೇ ಇರುತ್ತದೆ. ಹೊರಗಿನ ಮಳೆಗಾಲದ ತೇವ, ಒಳಗಿನ ಏಸಿ, ಮೇಲಿನ ದೀಪದ ಬಿಸಿ, ಇಷ್ಟೂ ಮರವನ್ನು, ತಂತಿಯನ್ನು ಬೇರೆ ಬೇರೆ ದಿಕ್ಕಿಗೆ ಎಳೆಯುತ್ತವೆ. ಜೊತೆಗೆ ಎಷ್ಟೋ ಗಾಯಕರು ಹಾಡಿನಿಂದ ಹಾಡಿಗೆ ಶ್ರುತಿ ಕೂಡಿಸುವ ಕ್ರಮವನ್ನೇ ಬದಲಿಸುತ್ತಾರೆ. ಕೆನಡಾದ ಜೋನಿ ಮಿಚೆಲ್ ಇದರಲ್ಲಿ ದೊಡ್ಡ ಹೆಸರು. ಒಂಬತ್ತನೇ ವಯಸ್ಸಿನಲ್ಲಿ ಅವರಿಗೆ ಪೋಲಿಯೋ ಬಂತು, ಎಡಗೈ ಬಲ ಕಳೆದುಕೊಂಡಿತು. ಗಿಟಾರಿನ ಕಷ್ಟದ ಹಿಡಿತಗಳಿಗೆ ಬೆರಳು ಬಗ್ಗುತ್ತಿರಲಿಲ್ಲ. ಬೆರಳು ಬಗ್ಗದಿದ್ದರೆ ಏನಂತೆ ಎಂದು ತಂತಿಗಳನ್ನೇ ಬಗ್ಗಿಸಿದರು. ಬಿರಡೆ ತಿರುಗಿಸಿ, ಏನೂ ಒತ್ತದೆಯೇ ಮೀಟಿದರೂ ಬೇಕಾದ ಸ್ವರಮೇಳ ಬರುವ ಹಾಗೆ ಮಾಡಿಕೊಂಡರು. ಹೀಗೆ ಅವರು ಬಳಸಿದ ಶ್ರುತಿಕ್ರಮಗಳು ಐವತ್ತಕ್ಕೂ ಹೆಚ್ಚು. ಅವರ ಹಾಡುಗಳ ಆ ವಿಚಿತ್ರ ತೇಲುವ ಗುಣಕ್ಕೆ ಮೂಲ ಒಂದು ಕಾಯಿಲೆ.

ಎರಡು ಹಾಡುಗಳ ನಡುವೆ ಗಾಯಕರು ಕತೆ ಹೇಳುವ ವಾಡಿಕೆಗೂ ಈ ಬಿರಡೆಗೂ ಸಂಬಂಧವಿದೆ ಎಂಬುದು ನನ್ನ ಬಲವಾದ ಗುಮಾನಿ. ಬಿರಡೆ ತಿರುಗಿಸುವ ಒಂದು ನಿಮಿಷ ವೇದಿಕೆಯ ಮೇಲೆ ಮೌನವಿದ್ದರೆ ಸಭೆ ಕೆಮ್ಮುತ್ತದೆ, ಫೋನು ತೆಗೆಯುತ್ತದೆ. ಅದಕ್ಕೆ ಕೈ ಬಿರಡೆಯ ಮೇಲೆ, ಬಾಯಿ ಮೈಕಿನ ಮೇಲೆ. ಈ ಹಾಡು ಎಲ್ಲಿ ಹುಟ್ಟಿತು, ಯಾರ ಮೇಲಿನ ಸಿಟ್ಟು, ಯಾವ ಊರಿನ ಬಸ್ಸು. ನಮ್ಮ ಹುಡುಗಿಯೂ ಹೇಳಿದಳು. ಪೀಜಿಯ ಓನರ್ ಆಂಟಿ ರಾತ್ರಿ ಹತ್ತಕ್ಕೆ ಗೇಟಿಗೆ ಬೀಗ ಹಾಕುತ್ತಿದ್ದದ್ದು, ಒಂದು ರಾತ್ರಿ ಹೊರಗೇ ಉಳಿದು ಮೆಜೆಸ್ಟಿಕ್ಕಿನ ಪ್ಲಾಟ್‌ಫಾರಂ ಬೆಂಚಿನ ಮೇಲೆ ಕೂತು ಮೊದಲ ನಾಲ್ಕು ಸಾಲು ಬರೆದದ್ದು. ಕತೆ ಮುಗಿಯುವುದಕ್ಕೂ ಹಸಿರು ದೀಪ ಹತ್ತುವುದಕ್ಕೂ ಸರಿಹೋಯಿತು. ಹರಿಕಥೆ ಕೇಳಿ ಬೆಳೆದವರಿಗೆ ಇದೇನು ಹೊಸ ವಿದ್ಯೆಯಲ್ಲ. ಆದರೆ ದಾಸರು ಹೇಳುವುದು ಹರಿಯ ಕತೆ, ಇವಳು ಹೇಳಿದ್ದು ತನ್ನದೇ.

ನಮ್ಮ ಸುಗಮ ಸಂಗೀತದ ಗೆಳತಿಗೆ ಕಸಿವಿಸಿಯಾದದ್ದು ಇಲ್ಲಿಯೇ. ಅವಳ ಲೋಕದಲ್ಲಿ ಒಂದು ಹಾಡಿಗೆ ಕನಿಷ್ಠ ಇಬ್ಬರು ಬೇಕು. ಕೆ.ಎಸ್. ನರಸಿಂಹಸ್ವಾಮಿ ಬರೆಯುತ್ತಾರೆ, ಮೈಸೂರು ಅನಂತಸ್ವಾಮಿಯೋ ಸಿ. ಅಶ್ವತ್ಥರೋ ರಾಗ ಹಾಕುತ್ತಾರೆ, ಅವರೇ ಇಲ್ಲವೇ ಮತ್ತೊಬ್ಬರು ಹಾಡುತ್ತಾರೆ. ಶರೀಫಜ್ಜ ತೀರಿಕೊಂಡು ಎಷ್ಟೋ ದಶಕಗಳಾದ ಮೇಲೆ ಅಶ್ವತ್ಥ್ ಅವರ ಗಂಟಲಿನಲ್ಲಿ ಕ್ಯಾಸೆಟ್ಟಾಗಿ ಮನೆಮನೆಗೆ ಬಂದ. ಕವಿತೆ ಮೊದಲೇ ಪುಸ್ತಕದಲ್ಲಿದೆ, ಸಭೆಗೆ ಅದು ಗೊತ್ತು, ಗೊತ್ತಿದ್ದದ್ದನ್ನೇ ಮತ್ತೆ ಕೇಳುವುದರಲ್ಲಿ ಸುಖ. ಅದಕ್ಕೇ ನಮ್ಮ ಕಾರ್ಯಕ್ರಮಗಳಲ್ಲಿ ವೇದಿಕೆಗೆ ಚೀಟಿ ಹೋಗುತ್ತದೆ, ಇಂಥ ಹಾಡು ಹಾಡಿ ಎಂದು. ಸಿಂಗರ್-ಸಾಂಗ್‌ರೈಟರ್ ಸಭೆಗೆ ಚೀಟಿ ಕಳಿಸುವವರು ಯಾರು? ಹೊಸಬರಾದರೆ ಅವರ ಹಾಡು ಅಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಪದ ಮೊದಲ ಬಾರಿಗೆ ಕಿವಿಗೆ ಬೀಳುತ್ತಿದೆ, ಆಸರೆಗೆ ತಬಲಾ ಇಲ್ಲ, ಕೊಳಲಿಲ್ಲ, ಹಿಂದೆ ಕೋರಸ್ಸಿಲ್ಲ. ಒಂದು ಸಾಲು ಕೈತಪ್ಪಿದರೆ ಹಾಡಿನ ಎಳೆಯೇ ಹೋಯಿತು.

ಪಕ್ಕದ ಟೇಬಲ್ಲಿನ ಮಾತು ಇಂಥ ಕಡೆ ಬರಿಯ ಕಿರಿಕಿರಿಯಲ್ಲ, ಅದು ಹಾಡನ್ನೇ ಅಳಿಸಿಹಾಕುತ್ತದೆ. ಡ್ರಮ್ಮಿರುವ ಬ್ಯಾಂಡು ನಿಮ್ಮ ಹರಟೆಯನ್ನು ನುಂಗಿಹಾಕಬಲ್ಲದು, ಒಂಟಿ ಗಿಟಾರಿಗೆ ಆ ಶಕ್ತಿಯಿಲ್ಲ. ಹಾಗಾದರೆ ಜನರನ್ನು ಸುಮ್ಮನಿರಿಸುವುದು ಹೇಗೆ? ಜನರ ಸಂಸ್ಕಾರದ ಪ್ರಶ್ನೆ ಎಂದು ಮೂಗು ಮುರಿಯುವುದು ಸುಲಭ. ನನಗೆ ಕಾಣುವ ಹಾಗೆ ಅದು ಸಂಸ್ಕಾರಕ್ಕಿಂತ ಹೆಚ್ಚಾಗಿ ವ್ಯಾಪಾರದ ಪ್ರಶ್ನೆ. ಆ ಜಾಗ ಏನನ್ನು ಮಾರಿ ಬದುಕುತ್ತದೆ? ಬಿಯರ್ ಮಾರಿ ಬದುಕುವ ಜಾಗಕ್ಕೆ ಮಾತು ಬೇಕು. ಮಾತು ನಡೆದಷ್ಟು ಹೊತ್ತು ಗ್ಲಾಸು ತುಂಬುತ್ತದೆ. ಟಿಕೆಟ್ ಮಾರಿ ಬದುಕುವ ಜಾಗಕ್ಕೆ ಮೌನ ಬೇಕು.

ನ್ಯೂಯಾರ್ಕಿನ ಗ್ರೀನಿಚ್ ವಿಲೇಜಿನಲ್ಲಿ 1950ರ ದಶಕದ ಕೊನೆ, ಅರವತ್ತರ ಮೊದಲಲ್ಲಿ ಈ ಬಗೆಯ ಹಾಡಿಕೆ ಬೆಳೆದದ್ದು ಬಾರುಗಳಿಗಿಂತ ಹೆಚ್ಚಾಗಿ ಕಾಫಿ ಮಾರುವ ನೆಲಮಾಳಿಗೆಗಳಲ್ಲಿ. ಮ್ಯಾಕ್‌ಡೂಗಲ್ ಬೀದಿಯ ಗ್ಯಾಸ್‌ಲೈಟ್ ಕೆಫೆ ಅವುಗಳಲ್ಲೊಂದು, ಬಾಬ್ ಡಿಲನ್ ಹಾಡಿದ ಜಾಗ. ಎಷ್ಟೋ ಕಡೆ ಹಾಡುಗಾರರಿಗೆ ಸಂಬಳವಿರಲಿಲ್ಲ, ಬುಟ್ಟಿ ಸುತ್ತಿಸುತ್ತಿದ್ದರು, ಬಿದ್ದಷ್ಟು ಕಾಸು. ಗ್ಯಾಸ್‌ಲೈಟಿನಲ್ಲಿ ಚಪ್ಪಾಳೆಯ ಬದಲು ಚಿಟಿಕೆ ಹೊಡೆಯುತ್ತಿದ್ದರು, ಸದ್ದು ಗಾಳಿಕಿಂಡಿಯಲ್ಲಿ ಏರಿ ಮೇಲಿನ ಮನೆಯವರು ಪೊಲೀಸರನ್ನು ಕರೆಯುತ್ತಿದ್ದರಂತೆ ಎಂಬ ಮಾತು ಈಗಲೂ ಚಾಲ್ತಿಯಲ್ಲಿದೆ.

ಮೌನವನ್ನೇ ಪಕ್ಕಾ ನಿಯಮ ಮಾಡಿದವರು ನ್ಯಾಶ್‌ವಿಲ್ ನಗರದ ಏಮಿ ಕರ್ಲಂಡ್. 1982ರಲ್ಲಿ ಅವರು ತೆರೆದ ಬ್ಲೂಬರ್ಡ್ ಕೆಫೆ ಹೊರಗಿನಿಂದ ಏನೂ ಅಲ್ಲ. ಸಾಲು ಅಂಗಡಿಗಳ ನಡುವೆ ಒಂದು ಅಂಗಡಿ, ಒಳಗೆ ತೊಂಬತ್ತು ಕುರ್ಚಿ. ಊಟ ತಿಂಡಿಯ ಜಾಗ ಮಾಡಲು ಹೊರಟವರು, ಹಾಡು ಬರೆಯುವವರು ಬಂದು ಸೇರಿಕೊಂಡರು. ‘ಶ್’ ಎಂಬುದೇ ಆ ಜಾಗದ ಧ್ಯೇಯವಾಕ್ಯ. ಹಾಡು ನಡೆಯುವಾಗ ಮಾತಾಡಿದರೆ ಸಿಬ್ಬಂದಿ ಬಂದು ಸುಮ್ಮನಿರಿಸುತ್ತಾರೆ. ಎಂಬತ್ತರ ದಶಕದ ನಡುವಿನಲ್ಲಿ ಅಲ್ಲಿ ಮತ್ತೊಂದು ಪದ್ಧತಿ ಬಂತು. ನಾಲ್ವರು ಹಾಡು ಬರೆಯುವವರು ವೇದಿಕೆ ಬಿಟ್ಟು ಕೋಣೆಯ ನಡುವೆ ಒಬ್ಬರಿಗೊಬ್ಬರು ಮುಖ ಮಾಡಿ ಕೂರುವುದು, ಸರದಿಯಲ್ಲಿ ಹಾಡುವುದು. ನ್ಯಾಶ್‌ವಿಲ್‌ನಲ್ಲಿ ಹಾಡು ಬರೆಯುವವರೇ ಬೇರೆ, ಅದನ್ನು ಹಾಡಿ ಹೆಸರು ಮಾಡುವ ತಾರೆಯರೇ ಬೇರೆ. ತೆರೆಮರೆಯ ಆ ಬರಹಗಾರರು ತಮ್ಮ ಹಾಡನ್ನು ತಮ್ಮದೇ ಒರಟು ಗಂಟಲಿನಲ್ಲಿ ಹಾಡಿ ತೋರಿಸುವ ಜಾಗ ಅದಾಯಿತು. ಗಾರ್ತ್ ಬ್ರೂಕ್ಸ್ ಅಲ್ಲಿ ಹಾಡಿ ಅವಕಾಶ ಗಿಟ್ಟಿಸಿದರು. ಹದಿಹರೆಯದ ಟೇಲರ್ ಸ್ವಿಫ್ಟ್‌ರನ್ನು ಧ್ವನಿಮುದ್ರಣ ಕಂಪನಿ ಕಟ್ಟಲು ಹೊರಟಿದ್ದ ಸ್ಕಾಟ್ ಬೊರ್ಶೆಟಾ ಕೇಳಿದ್ದೂ ಅಲ್ಲಿಯೇ. 2008ರಲ್ಲಿ ಕರ್ಲಂಡ್ ಆ ಜಾಗವನ್ನು ಹಾಡು ಬರೆಯುವವರ ಸಂಘಕ್ಕೇ ವಹಿಸಿಕೊಟ್ಟರು.

ಅದೇ 2008ರಲ್ಲಿ ಟೆಕ್ಸಾಸಿನ ಆಸ್ಟಿನ್ ನಗರದ ಉತ್ಸವವೊಂದರಲ್ಲಿ ಅಮೆರಿಕದ ಸಾರ್ವಜನಿಕ ರೇಡಿಯೋದ ಇಬ್ಬರು ಲಾರಾ ಗಿಬ್ಸನ್ ಎಂಬ ಮೆಲುದನಿಯ ಗಾಯಕಿಯನ್ನು ಕೇಳಲು ಹೋದರು. ಬಾರಿನ ಗದ್ದಲದಲ್ಲಿ ಒಂದಕ್ಷರ ಕೇಳಿಸಲಿಲ್ಲ. ನಮ್ಮ ಆಫೀಸಿಗೇ ಬಂದು ಮೇಜಿನ ಹತ್ತಿರ ಹಾಡಿಬಿಡಿ ಎಂದು ತಮಾಷೆಗೆ ಅಂದರು. ಆಕೆ ಕೆಲವೇ ವಾರಗಳಲ್ಲಿ ನಿಜವಾಗಿ ಬಂದು ಹಾಡಿದರು. ನಿಮ್ಮ ಮಕ್ಕಳು ಯೂಟ್ಯೂಬಿನಲ್ಲಿ ನೋಡುವ ‘ಟೈನಿ ಡೆಸ್ಕ್’ ಹುಟ್ಟಿದ್ದು ಹೀಗೆ, ಯಾರದೋ ಹರಟೆಯ ಮೇಲಿನ ಬೇಸರದಿಂದ. 2009ರಲ್ಲಿ ಲಂಡನ್ನಿನಲ್ಲಿ ಶುರುವಾದ ‘ಸೋಫಾರ್’ ಸಂಜೆಗಳ ಹಿಂದೆಯೂ ಇದೇ ಬೇಸರ. ಯಾರದೋ ಮನೆಯ ಹಾಲು, ಅಂಗಡಿಯ ಹಿಂಬದಿ, ನೆಲದ ಮೇಲೆ ಕೂತ ಜನ, ಯಾರು ಹಾಡುತ್ತಾರೆಂದು ಮೊದಲೇ ಹೇಳುವುದಿಲ್ಲ. ಬೆಂಗಳೂರಿಗೂ ಅದು ಬಂದಿದೆ. ಅದರ ಇನ್ನೊಂದು ಮುಖವೂ ಉಂಟು. ಸ್ವಯಂಸೇವಕರ ಹೆಸರಿನಲ್ಲಿ ಬಿಟ್ಟಿ ದುಡಿಸಿಕೊಂಡ ವಿಚಾರದಲ್ಲಿ 2020ರಲ್ಲಿ ಆ ಕಂಪನಿ ನ್ಯೂಯಾರ್ಕ್ ರಾಜ್ಯದ ಕಾರ್ಮಿಕ ಇಲಾಖೆಯೊಂದಿಗೆ ರಾಜಿ ಮಾಡಿಕೊಂಡು ನಾಲ್ಕೂವರೆ ಲಕ್ಷ ಡಾಲರಿಗೂ ಹೆಚ್ಚು ತೆರಬೇಕಾಯಿತು. ಮೌನವೂ ಮಾರಾಟದ ಸರಕಾದ ಮೇಲೆ ಅದರ ಲಾಭ ಯಾರ ಜೇಬಿಗೆ ಎಂದು ಕೇಳಲೇಬೇಕಾಗುತ್ತದೆ.

ಬೆಂಗಳೂರಿನ ಲೆಕ್ಕ ಇನ್ನೂ ಒಂದು ಕಾರಣಕ್ಕೆ ಬೇರೆ. ಸಾರ್ವಜನಿಕ ಮನರಂಜನೆಯ ಜಾಗಗಳಿಗೆ ಲೈಸೆನ್ಸು ವಿಧಿಸುವ 2005ರ ಆದೇಶ ಮುಖ್ಯವಾಗಿ ಡ್ಯಾನ್ಸ್ ಬಾರುಗಳನ್ನು, ಲೈವ್ ಬ್ಯಾಂಡ್ ಎಂದು ಕರೆಯುತ್ತಿದ್ದ ದಂಧೆಯನ್ನು ಕಣ್ಣಲ್ಲಿಟ್ಟುಕೊಂಡು ಬಂದದ್ದು. 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಪೊಲೀಸರು ನೋಟಿಸು ಕೊಡತೊಡಗಿದಾಗ ಗಿಟಾರು ಹಿಡಿದ ಹುಡುಗನೂ ಅದೇ ಬಲೆಗೆ ಬಿದ್ದ. ಎಷ್ಟೋ ಪಬ್ಬುಗಳು ಹಾಡು ನಿಲ್ಲಿಸಿದವು. ಇಂದಿರಾನಗರದಲ್ಲಿ ಹೊಸ ಗಾಯಕರಿಗೆ ವೇದಿಕೆಯಾಗಿದ್ದ ‘ದ ಹಮ್ಮಿಂಗ್ ಟ್ರೀ’ 2019ರಲ್ಲಿ ಮುಚ್ಚಿತು. ಇತ್ತ ದೊಮ್ಮಲೂರಿನ ಬೆಂಗಳೂರು ಇಂಟರ್‌ನ್ಯಾಷನಲ್ ಸೆಂಟರ್, ಜೆ.ಪಿ. ನಗರದ ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯನ್ಸ್‌ನಂಥ, ಕುರ್ಚಿ ಹಾಕಿ ಕೂರಿಸುವ ಜಾಗಗಳು ಬಂದಿವೆ. ಅಲ್ಲಿ ಸಭಾಂಗಣದೊಳಗೆ ಬಾರಿಲ್ಲ, ಹಾಗಾಗಿ ಹಾಡು ಕೇಳುತ್ತದೆ. ಆದರೆ ಅಂಥ ಕಡೆ ಹಾಡುವ ಅವಕಾಶ ಒಬ್ಬ ಹೊಸಬನಿಗೆ ತಿಂಗಳಿಗೊಮ್ಮೆ ಸಿಕ್ಕೀತೇ? ಪಬ್ಬು ವಾರಕ್ಕೊಮ್ಮೆ ಕರೆಯುತ್ತಿತ್ತು. ಗದ್ದಲದಲ್ಲಿ ಹಾಡಿ ಹಾಡಿಯೇ ಗಂಟಲು ಗಟ್ಟಿಯಾಗುವುದು. ಚಾಪ್ಮನ್ ವೆಂಬ್ಲಿಯಲ್ಲಿ ಎದೆಗೆಡದೆ ನಿಂತದ್ದಕ್ಕೆ ಹಾರ್ವರ್ಡ್ ಸ್ಕ್ವೇರಿನ ಬೀದಿಬದಿಯಲ್ಲಿ, ನಿಲ್ಲದೆ ಹೋಗುವ ಜನರ ಮುಂದೆ ಹಾಡಿದ ಅಭ್ಯಾಸವೂ ಕಾರಣವಿದ್ದೀತು.

ನಮ್ಮ ಸಂಜೆಯ ವ್ಯಾಪಾರ ಎರಡರ ಬೆರಕೆ, ಮುಂದೆ ಟಿಕೆಟ್ಟು, ಹಿಂದೆ ಬಾರು. ನಾಲ್ಕನೇ ಹಾಡಿನ ಹೊತ್ತಿಗೆ ಕೌಂಟರಿನ ಹತ್ತಿರದ ಗುಂಪೊಂದು ಯಾರದೋ ಪ್ರಮೋಷನ್ನಿನ ಸಂಭ್ರಮದಲ್ಲಿತ್ತು. ಕಾಕ್‌ಟೇಲ್ ಅಲುಗಿಸುವ ಸದ್ದು ಹಾಡಿನ ಲಯಕ್ಕೆ ಅಡ್ಡಡ್ಡ ಬಡಿಯುತ್ತಿತ್ತು. ಹುಡುಗಿ ಮಾಡಿದ ಕೆಲಸ ನೋಡಿ ನಮ್ಮ ಗಿಟಾರು ಬಿಟ್ಟ ಗೆಳೆಯ ತೊಡೆ ತಟ್ಟಿದ. ಅವಳು ದನಿ ಏರಿಸಲಿಲ್ಲ, ಇಳಿಸಿದಳು. ಕ್ಯಾಪೋ ಎಂಬ ಕ್ಲಿಪ್ಪನ್ನು ಐದನೇ ಮನೆಗೆ ಸರಿಸಿ, ಪಿಕ್ ಬಾಯಲ್ಲಿ ಕಚ್ಚಿಕೊಂಡು, ಬರಿ ಬೆರಳಿನಲ್ಲಿ ಮೇಲಿನ ಮೂರು ತಂತಿ ಮಾತ್ರ ಮೀಟಿದಳು. ಮಾತಿನ ಗದ್ದಲವೆಲ್ಲ ಕೆಳಗಿನ ಸ್ವರಗಳಲ್ಲಿ ತುಂಬಿರುತ್ತದೆ, ತೆಳ್ಳನೆಯ ಮೇಲಿನ ಸ್ವರ ಅದರ ಮೇಲೆ ತೇಲುತ್ತದೆ. ಮುಂದಿನ ಸಾಲಿನವರು ಕೇಳಿಸದೆ ಮುಂದಕ್ಕೆ ಬಾಗಿದರು, ಅವರನ್ನು ನೋಡಿ ಹಿಂದಿನವರು ತಿರುಗಿ ಪ್ರಮೋಷನ್ ಗುಂಪಿನ ಕಡೆ ಕೆಕ್ಕರಿಸಿದರು. ಗುಂಪು ಗ್ಲಾಸು ಎತ್ತಿಕೊಂಡು ಬಾಲ್ಕನಿಗೆ ಹೋಯಿತು. ಬ್ಯಾಂಕಿನವನೂ ಅವರ ಹಿಂದೆಯೇ ಎದ್ದುಹೋದದ್ದನ್ನು ಇಲ್ಲಿ ದಾಖಲಿಸಬೇಕು.

ಹೆಸರಾದವರಿಗೆ ಇದಕ್ಕೆ ಉಲ್ಟಾ ಕಷ್ಟ. ಜೈಪುರದ ಪ್ರತೀಕ್ ಕುಹಾಡ್ ಗಿಟಾರು ಹಿಡಿದು ಮೆಲ್ಲಗೆ ಹಾಡುವವರು, 2018ರ ಅವರ ‘ಕೋಲ್ಡ್/ಮೆಸ್’ ಹಾಡು ಮರುವರ್ಷ ಬರಾಕ್ ಒಬಾಮಾ ಅವರ ಮೆಚ್ಚಿನ ಹಾಡುಗಳ ಪಟ್ಟಿ ಸೇರಿತು. ಈಗ ಅವರ ಕಾರ್ಯಕ್ರಮಗಳು ದೊಡ್ಡ ಮೈದಾನಗಳಲ್ಲಿ. ಸಾವಿರಾರು ಹುಡುಗ ಹುಡುಗಿಯರು ಪ್ರತಿ ಸಾಲನ್ನೂ ಬಾಯಿಪಾಠ ಹಾಡುತ್ತಾರೆ, ಗಾಯಕರ ದನಿ ಅದರೊಳಗೆ ಮುಳುಗುತ್ತದೆ. ದುಡ್ಡು ಕೊಟ್ಟು ತಮ್ಮದೇ ದನಿ ಕೇಳಿಬರುವ ಈ ಸುಖ ನನ್ನ ವಯಸ್ಸಿನವರಿಗೆ ಅಷ್ಟಾಗಿ ಅರ್ಥವಾಗದು. ಭಜನೆಗೆ ಹೋಗುವ ನನ್ನ ಅತ್ತೆಗೆ ಆಗಬಹುದು.

ರಾತ್ರಿ ಹತ್ತೂವರೆಗೆ ಬಾಗಿಲು ತೆರೆದಿದ್ದ ಒಂದು ಹೋಟೆಲಿನಲ್ಲಿ ಕೂತೆವು. ದೋಸೆ ಹಿಟ್ಟು ಮುಗಿದಿತ್ತು, ಪುಲಾವು ಬಂತು. ಗೆಳತಿ ಅಷ್ಟು ಹೊತ್ತು ಒಳಗೇ ಇಟ್ಟುಕೊಂಡಿದ್ದನ್ನು ಹೊರಹಾಕಿದಳು. “ಇಂಗ್ಲಿಷ್ ಹಾಡುಗಳು ಚೆನ್ನಾಗಿದ್ವು ಕಣ್ರೋ. ಕನ್ನಡದ್ದು ಮಾತ್ರ ಆ ಗಿಟಾರಿಗೆ ಕೂರಲ್ಲ. ನಮ್ಮ ಪದ ಎಲ್ಲ ಸ್ವರದಲ್ಲಿ ಮುಗಿಯುತ್ತೆ, ಎಳೀಬೇಕು ಅನ್ಸುತ್ತೆ. ಅವಳು ಟಕ ಟಕ ಅಂತ ಕಡಿದು ಹಾಕ್ತಾಳೆ.”

“ರಘು ದೀಕ್ಷಿತ್ ಶರೀಫರ ಪದ ಗಿಟಾರಲ್ಲೇ ಹಾಡಿ ಗೆದ್ದ್ರಲ್ಲೇ. 2011ರಲ್ಲಿ ಇಂಗ್ಲೆಂಡಿನ ಸಾಂಗ್‌ಲೈನ್ಸ್ ಪತ್ರಿಕೆ ಹೊಸಬರ ಪ್ರಶಸ್ತಿ ಕೊಡ್ತು” ಎಂದ ಗಿಟಾರು ಗೆಳೆಯ.

“ಅವರ ಹಿಂದೆ ಬ್ಯಾಂಡಿದೆ, ಡ್ರಮ್ಮಿದೆ. ಪದ ಶರೀಫಜ್ಜಂದು. ನಾನು ಹೇಳ್ತಿರೋದು ತಾನೇ ಬರೆದು, ಒಂಟಿ ಗಿಟಾರಲ್ಲಿ ಹಾಡೋದು.”

ಅವಳ ಮಾತಿನಲ್ಲಿ ಸತ್ವವಿದೆ. ಇಂಥ ಹಾಡುಗಳಲ್ಲಿ ತಂತಿಗಳನ್ನೆಲ್ಲ ಒಟ್ಟಿಗೆ ಬಾರಿಸುವ ಸ್ಟ್ರಮ್ಮಿಂಗ್ ಬೆಳೆದದ್ದು ಒತ್ತಿ ಹೇಳುವ, ವ್ಯಂಜನದಲ್ಲಿ ಗಕ್ಕನೆ ನಿಲ್ಲುವ ಭಾಷೆಯ ಜೊತೆ. ಕನ್ನಡದ ಲಯ ಲಘು ಗುರುಗಳ ಎಣಿಕೆಯದು. ಆದರೆ ಅವತ್ತಿನ ಪೀಜಿ ಹಾಡು ಇದನ್ನು ಅರ್ಧ ಬಿಡಿಸಿತ್ತು ಎಂದು ನನಗನಿಸಿತು. ಆ ಹುಡುಗಿ ಅಲ್ಲಿ ಸ್ಟ್ರಮ್ ಮಾಡುವುದನ್ನೇ ಬಿಟ್ಟಿದ್ದಳು, ದಪ್ಪ ತಂತಿಯೊಂದನ್ನು ಏಕತಾರಿಯಂತೆ ಮೀಟುತ್ತಾ, ಧಾರವಾಡದ ಆಡುಮಾತನ್ನು ಆಡಿದ ಹಾಗೆಯೇ ಹಾಡಿದ್ದಳು. ಹಾಗಂದದ್ದಕ್ಕೆ ಗೆಳತಿ, “ಅದೊಂದು ಹಾಡಪ್ಪ. ಒಂದರಿಂದ ಏನಾಗುತ್ತೆ?” ಎಂದು ಪುಲಾವಿಗೆ ಇನ್ನಷ್ಟು ಮೊಸರುಬಜ್ಜಿ ತರಿಸಿದಳು. ಆದರೂ ಬರುವಾಗ ಗಿಟಾರು ಪೆಟ್ಟಿಗೆಗೆ ಅಂಟಿಸಿದ್ದ ಕ್ಯೂಆರ್ ಕೋಡಿಗೆ ನೂರು ರೂಪಾಯಿ ಹಾಕಿದವಳು ಅವಳೊಬ್ಬಳೇ.

ಬಾಲ್ಕನಿಯಲ್ಲಿ ಪ್ರಮೋಷನ್ ಗುಂಪಿನ ಪರಿಚಯ ಮಾಡಿಕೊಂಡು ಇಬ್ಬರ ವಿಸಿಟಿಂಗ್ ಕಾರ್ಡು ಜೇಬಿಗಿಳಿಸಿದ್ದ ಬ್ಯಾಂಕಿನವನು ಬಿಲ್ಲು ಕೊಡುತ್ತಾ, “ಮುಂದಿನ ತಿಂಗಳು ದೊಮ್ಮಲೂರಲ್ಲಿ ಯಾರೋ ಹಾಡ್ತಾರಂತಲ್ಲ, ಅಲ್ಲಿ ಬಾರ್ ಇದೆಯೇನ್ರೋ?” ಎಂದು ಕೇಳಿದ. ಇಲ್ಲ ಎಂದೆವು. “ಹಾಗಾದ್ರೆ ನೀವು ಮೂವರೇ ಹೋಗ್ಬನ್ನಿ” ಅಂದ.